ಪೆಟ್ಟಿಗೆಯವನ ಉಸಿರು

ಬೆಳಿಗ್ಗೆಯಿಂದ ಅವಳ ಎಡಗೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಹಾಲು ಕಾಯಿಸುವಾಗ ಅಡುಗೆಕಟ್ಟೆಯ ಮೇಲೆ, ಕನ್ನಡಿಯ ಮುಂದೆ ನಿಂತಾಗ ಮೇಜಿನ ಅಂಚಿನ ಮೇಲೆ, ಈಗ ಬಸ್ಸಿನಲ್ಲಿ ಕೂತಾಗ ಮುಂದಿನ ಸೀಟಿನ ಬೆನ್ನಿನ ಮೇಲೆ, ನಾಲ್ಕು ಬೆರಳುಗಳು ಒತ್ತುತ್ತಿದ್ದವು, ಒಂದು ಗಳಿಗೆ ತಡೆಯುತ್ತಿದ್ದವು, ಬಿಡುತ್ತಿದ್ದವು. ಮುಂದಿನ ಸೀಟಿನ ಮುದುಕ ಎರಡು ಸಲ ತಿರುಗಿ ನೋಡಿದ. ಮೂರನೆಯ ಸಲ ತಿರುಗುವ ಮೊದಲೇ ಅವಳು ಕೈಯನ್ನು ಬ್ಯಾಗಿನಡಿ ಸೇರಿಸಿ, ಅದರ ಮೇಲೆ ಬಲಗೈ ಹೇರಿ, ಮೇಷ್ಟರ ಹತ್ತಿರ ಬೈಸಿಕೊಂಡವಳ ಹಾಗೆ ಕೂತಳು. ಭಾನುವಾರ. ಬಸ್ಸಿನಲ್ಲಿ ಯಾರಿಗೂ ಅವಸರವಿರಲಿಲ್ಲ. ಅವಳಿಗಿತ್ತು. ಹತ್ತು ಗಂಟೆಗೆ ಸ್ಟುಡಿಯೋದ ಪುಟ್ಟ ಥಿಯೇಟರಿನಲ್ಲಿ ಸಿನಿಮಾ ಶುರುವಾಗುತ್ತದೆ. ಕೆಲಸ ಮಾಡಿದವರ ಮನೆಮಂದಿಗೆಂದೇ ಇಟ್ಟ ಪ್ರದರ್ಶನ. ಅವಳ ತಮ್ಮ ತನ್ನ ಮಗಳನ್ನು ಕರೆದುಕೊಂಡು ಒಂಬತ್ತೂವರೆಗೆ ಬರುತ್ತೇನೆಂದಿದ್ದಾನೆ. ನಡುವೆ ಇರುವುದು ಅರ್ಧ ಗಂಟೆ, ಅಷ್ಟರಲ್ಲಿ ಅವನಿಗೆ ಹೇಳಿಬಿಡಬೇಕು. ಮೂವತ್ತಾರು ವರ್ಷದಲ್ಲಿ ಆಗದ್ದು ಅರ್ಧ ಗಂಟೆಯಲ್ಲಿ ಹೇಗಾದೀತು ಎಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಮುಂದಿನ ಸ್ಟಾಪಿನಲ್ಲಿಳಿದು ಮನೆಗೆ ಹೋಗಿ ಮುಸುಕು ಹೊದ್ದು ಮಲಗಿಬಿಡುತ್ತಿದ್ದಳು.

ಸಿನಿಮಾಗಳಿಗೆ ಸದ್ದು ಮಾಡುವುದು ಅವಳ ಕೆಲಸ. ಪರದೆಯ ಮೇಲೆ ನಾಯಕಿ ಮೆಟ್ಟಿಲಿಳಿದರೆ ಇವಳು ಮೈಕಿನ ಮುಂದೆ ಹಲಗೆ ಹತ್ತಿ ಅವಳ ಹೆಜ್ಜೆ ಹಾಕುತ್ತಾಳೆ. ನಾಯಕಿ ಪತ್ರ ಹರಿದರೆ ಇವಳು ಹಳೇ ಪೇಪರು ಹರಿಯುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ನೂರಾರು ನಾಯಕಿಯರಿಗೆ ಕಾಲಾಗಿದ್ದಾಳೆ, ಒಬ್ಬಳಿಗೂ ಮುಖವಾಗಿಲ್ಲ. ತಮ್ಮನ ಮಗಳು ಶಾಲೆಯಲ್ಲಿ ‘ನಮ್ಮತ್ತೆ ಸಿನಿಮಾದಲ್ಲಿದಾಳೆ’ ಎಂದಳಂತೆ. ಎಲ್ಲಿದ್ದಾಳೆ ತೋರಿಸು ಎಂದರೆ ‘ಕಾಣಿಸಲ್ಲ, ಕೇಳಿಸ್ತಾಳೆ’ ಎಂದಳಂತೆ. ಇದನ್ನು ಹೇಳುವಾಗ ತಮ್ಮ ನಗುತ್ತಾ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದ್ದ. ಅವಳಿಗೆ ತನ್ನದೆಂದು ಸಂಸಾರವಿಲ್ಲ, ಭಾನುವಾರದ ಊಟ ತಮ್ಮನ ಮನೆಯಲ್ಲಿ. ಆ ಮನೆಯ ಊಟದ ಮೇಜಿನಲ್ಲಿ ಕಿಟಕಿ ಪಕ್ಕದ ಕುರ್ಚಿ ಅವಳದೆಂದು ಮಗುವಿಗೂ ಗೊತ್ತು. ಬೇರೆ ಯಾರಾದರೂ ಕೂತರೆ ಎಬ್ಬಿಸುತ್ತದೆ. ಹೇಳಿದ ಮೇಲೆ ಆ ಕುರ್ಚಿ ತನಗುಳಿಯುತ್ತದೆಯೇ ಎನ್ನುವುದೊಂದೇ ಈಗ ಅವಳ ಹೊಟ್ಟೆಯಲ್ಲಿ ಕೂತಿದ್ದ ಪ್ರಶ್ನೆ.

‘ಮನೆಮಂದಿಯೆಲ್ಲ ಕೂತು ಹೆದರಬಹುದಾದ ಚಿತ್ರ’ ಎಂದು ಪೋಸ್ಟರಿನಲ್ಲಿ ಬರೆಸಿದ್ದರು. ರಕ್ತವಿಲ್ಲ, ಕೋರೆಹಲ್ಲಿಲ್ಲ, ಕೂದಲು ಕೆದರಿಕೊಂಡ ಹೆಂಗಸಿಲ್ಲ. ಎಂಟು ವರ್ಷದ ಹುಡುಗಿ, ಹೊಸ ಮನೆ, ಮೆಟ್ಟಿಲ ಕೆಳಗೊಂದು ಸಣ್ಣ ಕೋಣೆ, ಆ ಕೋಣೆಯ ತುಂಬ ಕತ್ತಲೆ. ದೀಪ ಆರಿದಾಗಲೆಲ್ಲ ಕತ್ತಲೆ ಉಸಿರಾಡುತ್ತದೆ. ಆ ಉಸಿರನ್ನು ಮಾಡಿಕೊಡಬೇಕಾದವಳು ಅವಳು. ಮೂರು ವಾರ ಮಾಡಿದಳು. ಒದ್ದೆ ಕಂಬಳಿ ಎಳೆದಳು, ಬಿಸಿನೀರಿನ ರಬ್ಬರ್ ಚೀಲದಿಂದ ಗಾಳಿ ಬಿಟ್ಟಳು, ಚರ್ಮದ ಕೋಟನ್ನು ಹಿಂಡಿದಳು, ಕೊಳವೆಯೊಳಗೆ ತಾನೇ ಉಸಿರಾಡಿ ತಲೆಸುತ್ತು ಬಂದು ಕೂತಳು. ಗಡ್ಡದ ನಿರ್ದೇಶಕ ಪ್ರತಿ ಸಲವೂ ಕಣ್ಣು ಮುಚ್ಚಿ ಕೇಳಿ, ಬಹಳ ಮರ್ಯಾದೆಯಿಂದ ತಲೆಯಾಡಿಸುತ್ತಿದ್ದ. ‘ಚೆನ್ನಾಗಿದೆ ಮೇಡಂ. ಆದ್ರೆ ಇದು ಹೆದರ್ಸೋಕೆ ಅಂತಾನೇ ಬಂದಿರೋ ಸದ್ದು. ನಂಗೆ ಬೇಕಾಗಿರೋದು ಸುಮ್ನೆ ಅಲ್ಲಿರೋ ಸದ್ದು. ಮನೇದು.’ ರೆಕಾರ್ಡಿಸ್ಟ್ ಗಾಜಿನಾಚೆಯಿಂದ ‘ಮನೇದು ಅಂದ್ರೆ ನಮ್ಮನೆಯವಳ ಗೊರಕೆ ತಂದುಕೊಡ್ಲಾ ಸಾರ್?’ ಎಂದು ನಗಿಸಿದ. ಅವಳೂ ನಕ್ಕಳು. ಆ ಸದ್ದು ತನ್ನ ಹತ್ತಿರ ಇದೆಯೆಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಮೂರು ವಾರ ಅವಳು ಒದ್ದಾಡಿದ್ದು ಅದನ್ನು ಮಾಡದೆ ತಪ್ಪಿಸಿಕೊಳ್ಳುವುದಕ್ಕೆ.

ಅಮ್ಮನ ತಗಡಿನ ಪೆಟ್ಟಿಗೆ ಮಂಚದ ಕೆಳಗಿರುತ್ತಿತ್ತು, ಅಂಗೈ ಅಗಲದಷ್ಟು ಹೊರಗೆ ಚಾಚಿಕೊಂಡು. ಮುಚ್ಚಳದ ಮಧ್ಯೆ ತಗಡು ಉಬ್ಬಿತ್ತು. ಒತ್ತಿದರೆ ಒಳಗಿಳಿಯುತ್ತಿತ್ತು, ಡುಂ. ಬಿಟ್ಟರೆ ಮೇಲೇಳುತ್ತಿತ್ತು, ಡಕ್. ಅಪ್ಪ ಊರೂರು ತಿರುಗಿ ಯಂತ್ರ ರಿಪೇರಿ ಮಾಡುವವನು. ಅಮ್ಮನಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವಾರಕ್ಕೆ ಮೂರು ರಾತ್ರಿ ಪಾಳಿ. ಎಂಟಕ್ಕೆ ಹೊರಡುವಾಗ ಅವಳು ದೀಪ ಆರಿಸಿ, ‘ಪುಟ್ಟನ್ನ ಮಲಗಿಸೇ’ ಎಂದಷ್ಟೇ ಹೇಳಿ ಹೋಗುತ್ತಿದ್ದಳು. ಆಗ ಮಗಳಿಗೆ ಹನ್ನೊಂದು, ತಮ್ಮ ಪುಟ್ಟನಿಗೆ ಐದು. ಅವನು ಮಲಗುತ್ತಿರಲಿಲ್ಲ. ಅಮ್ಮ ಬೇಕು, ನೀರು ಬೇಕು, ಅಮ್ಮ ಬೇಕು. ಹಗಲೆಲ್ಲ ಅಮ್ಮನ ಸೆರಗು ಹಿಡಿದು ತಿರುಗುವವನು ರಾತ್ರಿ ಅಕ್ಕನತ್ತ ಬೆನ್ನು ಮಾಡಿ ಗೋಡೆ ಒದೆಯುತ್ತಿದ್ದ. ಒಂದು ದಿನ ಮಂಚದಿಂದ ಜೋತುಬಿದ್ದ ಅವಳ ಎಡಗೈ ತಿಳಿಯದೆ ಪೆಟ್ಟಿಗೆಗೆ ತಾಗಿತು. ಡುಂ. ಪುಟ್ಟ ಒದೆಯುವುದನ್ನು ನಿಲ್ಲಿಸಿದ. ಡಕ್. ಪುಟ್ಟ ತಿರುಗಿ, ಅವಳ ಕೊರಳಿಗೆ ಎರಡೂ ಕೈ ಹಾಕಿ, ಮುಖವನ್ನು ಅವಳ ಕುತ್ತಿಗೆಯಲ್ಲಿ ಹುದುಗಿಸಿದ. ಅವನ ಎದೆ ಡವಗುಟ್ಟುವುದು ಅವಳ ಪಕ್ಕೆಗೆ ಗೊತ್ತಾಗುತ್ತಿತ್ತು. ಅದುವರೆಗೆ ಅವನು ತಾನಾಗಿ ಅವಳನ್ನು ಅಪ್ಪಿಕೊಂಡಿದ್ದೇ ಇಲ್ಲ. ‘ಏನದು ಅಕ್ಕ?’ ಎಂದ. ‘ಪೆಟ್ಟಿಗೆಯವನು. ಉಸಿರಾಡ್ತಿದಾನೆ. ನಾನಿದೀನಲ್ಲ, ಮಲಕ್ಕೋ’ ಎಂದಳು ಅವಳು, ಬಲಗೈಯಲ್ಲಿ ಅವನ ಬೆನ್ನು ತಟ್ಟುತ್ತಾ. ಅವನು ಮಲಗಿದ. ಅಮ್ಮನ ಮುಂದಿನ ಪಾಳಿಯಲ್ಲೂ, ಅದರ ಮುಂದಿನದರಲ್ಲೂ, ಆಮೇಲಿನ ಎರಡು ವರ್ಷವೂ. ಬಲಗೈ ತಟ್ಟುತ್ತಿತ್ತು, ಎಡಗೈ ಒತ್ತುತ್ತಿತ್ತು. ಎರಡು ತಟ್ಟು, ಒಂದು ಒತ್ತು.

ಅವನನ್ನು ಬೇಗ ಮಲಗಿಸಲು ಹಾಗೆ ಮಾಡಿದೆ ಎಂದು ಅವಳು ಬಹಳ ವರ್ಷ ತನಗೆ ತಾನೇ ಹೇಳಿಕೊಂಡಿದ್ದಳು. ಅದು ಅರ್ಧ ಮಾತ್ರ ನಿಜ. ಅವನು ನಿದ್ದೆಹೋದ ಮೇಲೂ ಒಮ್ಮೊಮ್ಮೆ ಅವಳು ಮೆಲ್ಲಗೆ ಒತ್ತುತ್ತಿದ್ದಳು, ನಿದ್ದೆಯಲ್ಲೇ ಅವನ ಕೈ ಬಿಗಿಯಾಗಲಿ ಎಂದು. ಅದು ಯಾರಿಗೂ ಹೇಳುವಂಥದಲ್ಲ.

ಹೇಳಲೇಬೇಕಾದ ದಿನವೊಂದು ಬಂದಿತ್ತು. ಅವನಿಗೆ ಏಳಾದರೂ ಹಾಸಿಗೆ ಒದ್ದೆಯಾಗುವುದು ನಿಂತಿರಲಿಲ್ಲ. ಬಚ್ಚಲಿಗೆ ಹೋಗಬೇಕೆಂದರೆ ಪೆಟ್ಟಿಗೆಯ ಮುಂದೆ ಕಾಲು ಊರಬೇಕಲ್ಲ. ಒಂದು ಬೆಳಿಗ್ಗೆ, ಪಾಳಿ ಮುಗಿಸಿ ಬಂದ ಅಮ್ಮ ಸುಸ್ತಿಗೋ ಸಿಟ್ಟಿಗೋ ಹಾಸಿಗೆಯನ್ನು ಎಳೆದುಕೊಂಡು ಹೋಗಿ ಹಿತ್ತಲಿಗೆ ಹಾಕದೆ ಬೀದಿ ಕಡೆಯ ಕಾಂಪೌಂಡಿನ ಮೇಲೆ ಹರಡಿದಳು. ‘ನೋಡಲಿ ಎಲ್ರೂ. ನಾಚಿಕೆಯಾದ್ರೂ ಆಗ್ಲಿ’ ಎಂದಳು. ಶಾಲೆಗೆ ಹೋಗುವ ಮಕ್ಕಳೆಲ್ಲ ನಿಂತು ನೋಡಿದರು. ಅಂದಿನಿಂದ ಅವನಿಗೆ ‘ತೂತುಬಿಂದಿಗೆ’ ಎಂದು ಹೆಸರಾಯಿತು, ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಸವೆದು ಬರೀ ‘ಬಿಂದಿಗೆ’ಯಾಯಿತು. ಆ ಬೆಳಿಗ್ಗೆ ಅವನು ಬಾಗಿಲ ಹಿಂದೆ ಒದ್ದೆ ಚಡ್ಡಿಯಲ್ಲಿ ನಿಂತು ಅಕ್ಕನ ಮುಖ ನೋಡುತ್ತಿದ್ದ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಎರಡು ಜಡೆಗೂ ರಿಬ್ಬನ್ ಕಟ್ಟಿಕೊಂಡು, ಬ್ಯಾಗು ಹೆಗಲಿಗೇರಿಸಿ, ಹಾಸಿಗೆಯ ಪಕ್ಕದಲ್ಲೇ ಹಾದು ಶಾಲೆಗೆ ಹೋದಳು.

ಬಸ್ಸು ಸ್ಟುಡಿಯೋ ತಿರುವಿನಲ್ಲಿ ನಿಂತಾಗ ಅವಳು ಇಳಿಯುವುದನ್ನು ಮರೆತು, ಕಂಡಕ್ಟರ್ ‘ಇಳೀತೀರೇನಮ್ಮಾ, ಇಲ್ಲ ಇಲ್ಲೇ ಮನೆ ಮಾಡ್ತೀರಾ?’ ಎಂದ ಮೇಲೆ ದಡಬಡಿಸಿ ಇಳಿದಳು. ಒಂಬತ್ತೂವರೆಗೆ ತಮ್ಮ ಬರಲಿಲ್ಲ. ಮುಕ್ಕಾಲಾಯಿತು. ಗೇಟಿನ ಬಳಿ ನಿಂತು ಅವಳು ಮೊದಲ ವಾಕ್ಯವನ್ನು ಜೋಡಿಸಿಕೊಂಡಳು, ಕೆಡವಿದಳು, ಇನ್ನೊಂದು ಜೋಡಿಸಿದಳು. ‘ಪೆಟ್ಟಿಗೆ ನೆನಪಿದೆಯಾ?’ ಎಂದು ಶುರುಮಾಡುವ ಹಾಗಿಲ್ಲ. ಮರೆತಿದ್ದರಲ್ಲವೇ ನೆನಪಿಸುವುದು. ಅಮ್ಮ ಹೋದ ಮೇಲೆ ಪೆಟ್ಟಿಗೆ ಅವನ ಮನೆ ಸೇರಿತ್ತು. ಎರಡು ತಿಂಗಳ ಹಿಂದೆ ಅವಳು ಕೇಳಲು ಹೋದಾಗ ಅದರೊಳಗೆ ಹಳೇ ಪ್ರಶ್ನೆಪತ್ರಿಕೆಗಳಿದ್ದವು, ಮುಚ್ಚಳದ ಮೇಲೆ ಎರಡು ದಪ್ಪ ನಿಘಂಟು, ಅದರ ಮೇಲೊಂದು ಕಬ್ಬಿಣದ ಡಂಬೆಲ್ಲು. ‘ತೂಕ ಹೇರಿದ್ರೆ ತಗಡು ಕುಣಿಯಲ್ಲ’ ಎಂದಿದ್ದ. ಕೇಳಿದ ತಕ್ಷಣ ‘ತಗೊಂಡ್ಹೋಗು, ವಾಪಸ್ ತರಬೇಡ’ ಎಂದು, ಪೆಟ್ಟಿಗೆಯನ್ನು ಮೈಗೆ ತಾಗದಂತೆ ಕೈ ಮುಂದೆ ಚಾಚಿ ಹಿಡಿದು, ಟ್ಯಾಕ್ಸಿಯವರೆಗೆ ತಾನೇ ಹೊತ್ತು ತಂದ. ಅವನ ಹೆಂಡತಿ ಬಾಗಿಲಲ್ಲಿ ನಿಂತು, ‘ಪೆಟ್ಟಿಗೆಯೇನೋ ಹೋಯ್ತು, ಝೀರೋ ಬಲ್ಬ್ ಯಾವಾಗ ಹೋಗುತ್ತೆ ಕೇಳಿ ಅಕ್ಕ. ಮದುವೆಯಾದಾಗಿನಿಂದ ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗ್ತಿದೀನಿ’ ಎಂದಳು. ಮೂವರೂ ನಕ್ಕರು. ಅವಳ ನಗು ಟ್ಯಾಕ್ಸಿ ತಿರುವು ದಾಟುವವರೆಗೆ ಮುಖದಲ್ಲೇ ಉಳಿದಿತ್ತು, ತೆಗೆಯಲು ಮರೆತ ಬೆಲೆಚೀಟಿಯಂತೆ.

ತಮ್ಮ ಬಂದದ್ದು ಹತ್ತಕ್ಕೆ ಹತ್ತು ನಿಮಿಷವಿರುವಾಗ. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಇರುವ ಪುಟ್ಟ ಟಾರ್ಚು. ‘ಇವಳ ಒಂದು ಶೂ ಸಿಗಲಿಲ್ಲ ಕಣೇ. ಮನೆಯೆಲ್ಲ ಜಾಲಾಡಿದ್ವಿ. ಕೊನೆಗೆ ನೋಡಿದ್ರೆ ಕಾಲಲ್ಲೇ ಇತ್ತು’ ಎಂದ. ‘ಎರಡೂ ಒಂದೇ ಕಾಲಲ್ಲಿ ಹುಡುಕ್ತಿದ್ದೆ ಅತ್ತೆ’ ಎಂದಿತು ಮಗು. ಆರು ವರ್ಷ, ಮುಂದಿನ ಎರಡು ಹಲ್ಲಿಲ್ಲ, ಕತ್ತಲೆಯ ಭಯವೂ ಇಲ್ಲ. ಅವಳು ‘ಪುಟ್ಟ, ನಿಂಗೊಂದು ಮಾತು ಹೇಳ್ಬೇಕಿತ್ತು’ ಎಂದಳು. ‘ಹೇಳು’ ಎಂದ. ‘ಒಳಗೆ ಕತ್ತಲೆ ಇರುತ್ತೆ’ ಎಂದಳು. ಅವನು ನಕ್ಕುಬಿಟ್ಟ. ‘ಥಿಯೇಟರಲ್ಲಿ ಕತ್ತಲೆ ಇರದೆ ಇನ್ನೇನು ಬೆಳದಿಂಗಳಿರುತ್ತಾ? ನಿನ್ನ ಸಿನಿಮಾ ಅಂತ ಬಂದಿದೀನಿ. ಬಾಗಿಲ ಹತ್ರ ಕೂರಿಸು, ಸಾಕು.’ ಅಷ್ಟರಲ್ಲಿ ನಿರ್ದೇಶಕ ಬಂದು ಕೈಕುಲುಕಿ, ‘ಮೇಡಂ ಇಲ್ದಿದ್ರೆ ನಮ್ಮ ಸಿನಿಮಾಕ್ಕೆ ಉಸಿರೇ ಇರ್ತಿರ್ಲಿಲ್ಲ ಸಾರ್’ ಎಂದ.

‘ನನಗೂ ಅಷ್ಟೇ’ ಎಂದು ತಮ್ಮ ಶುರುಮಾಡಿದ. ಅವಳಿಗೆ ಓಡಿಹೋಗಬೇಕೆನ್ನಿಸಿತು. ಈ ಕಥೆಯನ್ನು ಅವನು ಮದುವೆಯ ದಿನ ಬೀಗರ ಮುಂದೆ ಹೇಳಿದ್ದ, ಹೆರಿಗೆ ಆಸ್ಪತ್ರೆಯಲ್ಲಿ ನರ್ಸಿಗೆ ಹೇಳಿದ್ದ, ಪ್ರತಿ ವರ್ಷ ಎಂಟನೇ ತರಗತಿಗೆ ಉಷ್ಣದ ಪಾಠ ಮಾಡುವಾಗ ಹೇಳುತ್ತಾನೆ. ಅವನು ಶಾಲೆಯಲ್ಲಿ ವಿಜ್ಞಾನದ ಮೇಷ್ಟರು. ‘ನಮ್ಮನೇಲೊಂದು ಪೆಟ್ಟಿಗೆ ಇತ್ತು ಸಾರ್, ರಾತ್ರಿಯಾದ್ರೆ ಸದ್ದು ಮಾಡೋದು. ತಗಡು ಹಗಲು ಕಾದು ಹಿಗ್ಗುತ್ತೆ, ರಾತ್ರಿ ತಣ್ಣಗಾಗಿ ಕುಗ್ಗುತ್ತೆ, ಅದಕ್ಕೇ ಡುಂ ಡಕ್ ಅನ್ನುತ್ತೆ. ಇದನ್ನ ಎಂಟನೇ ಕ್ಲಾಸಿನ ಪುಸ್ತಕದಲ್ಲಿ ಓದಿದ ದಿನ ನಾನು ಮನೆವರೆಗೂ ಓಡಿಕೊಂಡು ಹೋಗಿದ್ದೆ, ಅಕ್ಕನಿಗೆ ಹೇಳೋಕೆ. ಅವತ್ತೇ ತೀರ್ಮಾನ ಮಾಡ್ದೆ, ಸೈನ್ಸ್ ಮೇಷ್ಟ್ರಾಗ್ಬೇಕು ಅಂತ. ಆದ್ರೆ ಅದಕ್ಕೆ ಮುಂಚೆ? ಪಾಪ, ಇವಳೂ ಚಿಕ್ಕ ಹುಡುಗಿ, ಇವಳಿಗೂ ಭಯ. ಆದ್ರೂ ರಾತ್ರಿಯೆಲ್ಲ ನನ್ನ ತಟ್ತಾ ಕಾಯ್ತಿದ್ಲು. ಅಕ್ಕ ಇಲ್ದಿದ್ರೆ ನಾನು ಹೆದರಿಕೊಂಡೇ ಸತ್ತುಹೋಗ್ತಿದ್ದೆ.’ ನಿರ್ದೇಶಕ ಅವಳನ್ನು ಹೊಸದಾಗಿ ನೋಡಿದ. ಅವಳು ಮಗುವಿನ ಕಾಲರ್ ಸರಿಮಾಡಿದಳು. ಸರಿಯಾಗಿಯೇ ಇತ್ತು. ಅಂದು ಏದುಸಿರು ಬಿಡುತ್ತ ಓಡಿಬಂದು, ‘ಅಕ್ಕ, ಅವನಿಲ್ಲ, ಪೆಟ್ಟಿಗೆಯವನು ಇಲ್ಲವೇ ಇಲ್ಲ’ ಎಂದು ಪುಸ್ತಕ ತೆರೆದು ತೋರಿಸಿದ ಹದಿಮೂರರ ಮುಖ ನೆನಪಾಯಿತು. ಅವಳು ‘ಹೌದಲ್ವೇನೋ’ ಎಂದು ಆಶ್ಚರ್ಯಪಟ್ಟಿದ್ದಳು. ಚೆನ್ನಾಗಿಯೇ ನಟಿಸಿದ್ದಳು. ಅವನೂ ನಂಬಿದ. ಆದರೂ ಆ ರಾತ್ರಿ ದೀಪ ಆರಿಸಲು ಅವನು ಬಿಡಲಿಲ್ಲ.

ಥಿಯೇಟರಿನಲ್ಲಿ ನಲವತ್ತೇ ಕುರ್ಚಿಗಳು. ಬಾಗಿಲ ಮೇಲಿನ ಕೆಂಪು ದೀಪದ ಕೆಳಗೆ ತಮ್ಮ ಕೂತ, ಅವನ ಬಲಕ್ಕೆ ಅವಳು, ಅವಳ ಬಲಕ್ಕೆ ಮಗು. ದೀಪಗಳು ಆರಿದಾಗ ಅವನು ಸಹಜವೆಂಬಂತೆ ಕೈ ಚಾಚಿ ಅವಳ ಕೈ ಹಿಡಿದ. ಹಿಡಿದದ್ದು ಎಡಗೈಯನ್ನು.

ಮಗುವಿಗೆ ಕಥೆಗಿಂತ ಅತ್ತೆಯ ಲೆಕ್ಕ ಮುಖ್ಯ. ಪರದೆಯ ಹುಡುಗಿ ಓಡಿದರೆ ‘ಇದು ನೀನಾ?’ ಎನ್ನುತ್ತಿತ್ತು. ‘ನಾನೇ.’ ಬಾಗಿಲು ಕಿರುಗುಟ್ಟಿದರೆ ‘ಇದು?’ ‘ನಾನೇ.’ ನಾಯಿ ಬೊಗಳಿದಾಗಲೂ ಕೇಳಿತು. ‘ಅದು ನಾಯೀನೇ’ ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತಮ್ಮನ ಅಂಗೈ ಬೆವರಿತ್ತು, ಆದರೂ ಅವನೂ ನಗುತ್ತಿದ್ದ. ಇನ್ನೇನು ಐದು ನಿಮಿಷಕ್ಕೆ ಆ ಸದ್ದು ಬರುತ್ತದೆ. ಅದನ್ನು ರೆಕಾರ್ಡ್ ಮಾಡಿದ ದಿನ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿ ಕೂತು ಅವಳು ಎಷ್ಟು ಒತ್ತಿದರೂ ಅದು ಬರೀ ತಗಡಿನ ಸದ್ದಾಗಿತ್ತು. ತಾಳ ಸಿಗಲಿಲ್ಲ. ಕೊನೆಗೆ ಬೆಂಚು ತರಿಸಿ, ಅದರ ಮೇಲೆ ಮಗ್ಗುಲಾಗಿ ಮಲಗಿ, ಎಡಗೈ ಇಳಿಬಿಟ್ಟು, ಬಲಗೈಯಲ್ಲಿ ಒಂದು ದಿಂಬನ್ನು ತಟ್ಟತೊಡಗಿದ ಮೇಲೆ ಅದು ಬಂತು. ‘ಮೇಡಂ, ತಟ್ಟೋ ಸದ್ದು ಮೈಕಿಗೆ ಬೀಳ್ತಿದೆ, ತಟ್ಟಬೇಡಿ’ ಎಂದ ರೆಕಾರ್ಡಿಸ್ಟ್. ‘ತಟ್ಟದಿದ್ರೆ ಬರಲ್ಲ’ ಎಂದಳು. ನಿರ್ದೇಶಕ ತೋಳಿನ ಮೇಲೆ ನಿಮಿರಿದ ರೋಮ ತೋರಿಸುತ್ತ ಬಂದು, ‘ಇರ್ಲಿ, ಅದೂ ಇರ್ಲಿ. ಇದು ಇಷ್ಟು ದಿನ ಎಲ್ಲಿತ್ತು ಮೇಡಂ?’ ಎಂದ. ‘ಮಂಚದ ಕೆಳಗೆ’ ಎಂದಳು. ಎಲ್ಲರೂ ನಕ್ಕರು. ಮರುದಿನ, ಅದನ್ನು ತೆಗೆದುಹಾಕಿ, ಬೇರೆ ಮಾಡಿಕೊಡುತ್ತೇನೆ ಎಂದು ಅವಳು ಬೇಡಿದಾಗ ಅವರು ತಮಾಷೆಯೆಂದುಕೊಂಡರು.

ಪರದೆಯ ಮೇಲೆ ಹುಡುಗಿಯ ಕೋಣೆಯ ದೀಪ ಆರಿತು. ಚಿತ್ರವೂ ಕಪ್ಪು, ಥಿಯೇಟರೂ ಕಪ್ಪು, ಪಕ್ಕದಲ್ಲಿ ತಮ್ಮನ ಅರ್ಧ ಮುಖ ಮಾತ್ರ ಕೆಂಪು. ತಪ್ ತಪ್ ಎಂದು ಎಲ್ಲೋ ಬಹಳ ಮೆಲ್ಲಗೆ ಕೇಳಿತು. ಆಗ ಅವಳ ಎಡಗೈಯ ನಾಲ್ಕು ಬೆರಳು, ಅವಳು ತಡೆಯುವ ಮೊದಲೇ, ತಮ್ಮನ ಅಂಗೈಯನ್ನು ಒತ್ತಿದವು. ಡುಂ. ಒಂದು ಗಳಿಗೆ ತಡೆದು ಬಿಟ್ಟವು. ಡಕ್. ಸದ್ದಿನ ಜೊತೆಗೆ ಒತ್ತಿದ್ದರೆ ಬೆಚ್ಚಿದಳೆಂದುಕೊಳ್ಳಬಹುದಿತ್ತು. ಬೆರಳುಗಳು ಪ್ರತಿ ಸಲವೂ ಸದ್ದಿಗಿಂತ ಕೂದಲೆಳೆಯಷ್ಟು ಮುಂಚೆ ಒತ್ತುತ್ತಿದ್ದವು. ಸದ್ದು ಕೇಳುವವರ ಕೈ ಹಾಗೆ ಮಾಡುವುದಿಲ್ಲ, ಮಾಡುವವರ ಕೈ ಮಾಡುತ್ತದೆ. ತಮ್ಮನ ಕೈ ಕಲ್ಲಾಯಿತು. ಅವನು ಪರದೆ ನೋಡುತ್ತಿರಲಿಲ್ಲ, ಕೆಳಗೆ, ಕುರ್ಚಿಯ ತೋಳಿನ ಮೇಲೆ, ಕಾಣದ ಎರಡು ಕೈಗಳ ಕಡೆ ನೋಡುತ್ತಿದ್ದ.

‘ಅತ್ತೆ’ ಎಂದು ಮಗು ಪಿಸುಗುಟ್ಟಿತು. ಆ ಮಗುವಿನ ಪಿಸುಮಾತು ನಾಲ್ಕು ಸಾಲಿಗೆ ಕೇಳುವಂಥದು. ‘ಇದೂ ನೀನೇನಾ?’

ನಾಯೀನೇ ಎಂದ ಹಾಗೆ ಇದಕ್ಕೂ ಏನಾದರೂ ಅಂದುಬಿಡಬಹುದಿತ್ತು. ಎರಡು ಜಡೆಯ ರಿಬ್ಬನ್ನು ನೆನಪಾಯಿತು.

‘ನಾನೇ’ ಎಂದಳು.

‘ಎರಡೂನಾ? ಡುಂ ಅನ್ನೋದೂ, ತಪ್ ತಪ್ ಅನ್ನೋದೂ?’

‘ಎರಡೂ ನಾನೇ.’

ತಮ್ಮ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ತನ್ನ ಮಂಡಿಯ ಮೇಲೆ ಇಟ್ಟುಕೊಂಡ. ಕಿತ್ತುಕೊಂಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಇನ್ನೂ ಒಂದು ಗಂಟೆ ಸಿನಿಮಾ ನಡೆಯಿತು. ಹುಡುಗಿ ದೀಪವಿಲ್ಲದೆ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಕತ್ತಲೆಯ ಪಕ್ಕದಲ್ಲಿ ಕೂತಳು, ಕತ್ತಲೆಯ ಉಸಿರು ನಿಧಾನವಾಯಿತು, ಹಿಂದೆ ಯಾರೋ ಮೂಗೊರೆಸಿಕೊಂಡರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಎಡಗೈ ಕುರ್ಚಿಯ ತೋಳಿನ ಮೇಲೆ ಇಟ್ಟಲ್ಲೇ ಇತ್ತು. ಬೆಳಗಿನಿಂದ ಮೊದಲ ಬಾರಿಗೆ ಅದು ಸುಮ್ಮನಿತ್ತು.

ದೀಪ ಹತ್ತಿದಾಗ ತಮ್ಮ ಬಗ್ಗಿ ಮಗಳ ಶೂ ಲೇಸು ಕಟ್ಟುತ್ತಿದ್ದ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ. ಜನ ಅವಳ ಕೈಕುಲುಕಿ ಹೋದರು. ಕಾರಿಡಾರಿನಲ್ಲಿ ರೆಕಾರ್ಡಿಸ್ಟ್ ಮಗುವನ್ನು ಕರೆದು, ‘ಬಾ, ಅತ್ತೆ ಜೊತೆ ಮಾತಾಡೋ ಬಟನ್ ತೋರಿಸ್ತೀನಿ’ ಎಂದು ತನ್ನ ಕೋಣೆಗೆ ಕರೆದುಕೊಂಡು ಹೋದ. ಇಬ್ಬರೇ ಉಳಿದರು. ಗೋಡೆಗೆ ಒರಗಿ ನಿಂತ ಅವನು ತರಗತಿಯಲ್ಲಿ ಪ್ರಶ್ನೆ ಕೇಳುವ ದನಿಯಲ್ಲಿ, ‘ಒತ್ತಿದ್ದು ಕಾಲಲ್ಲೋ, ಕೈಯಲ್ಲೋ?’ ಎಂದ.

‘ಕೈಯಲ್ಲಿ. ಎಡಗೈ.’

‘ಬಲಗೈ ನನ್ನ ಮೇಲಿತ್ತು.’

‘ಹೂಂ.’

‘ಯಾಕೆ?’

ಗೇಟಿನ ಬಳಿ ಜೋಡಿಸಿದ್ದ ವಾಕ್ಯಗಳನ್ನು ಬಿಟ್ಟು ಅವಳು ಬೇರೆಯದನ್ನೇ ಹೇಳಿದಳು. ‘ಹೆದರಿದಾಗ ಮಾತ್ರ ನೀನು ನನ್ನ ಹತ್ರ ಬರ್ತಿದ್ದೆ. ಉಳಿದ ಹೊತ್ತೆಲ್ಲ ನಿಂಗೆ ಅಮ್ಮಾನೇ ಬೇಕಿತ್ತು. ನನ್ನನ್ನ ಒಬ್ರಾದ್ರೂ ಹಿಡ್ಕೊಳ್ಳಲಿ ಅಂತ...’ ಎಂದವಳು ನಿಲ್ಲಿಸಿದಳು. ಅದು ಸಬೂಬಿನಂತೆ ಕೇಳಿಸಿತು. ‘ಹಾಸಿಗೆ ಬೀದಿಗೆ ಹಾಕಿದ ದಿನ ಹೇಳ್ಬೇಕಿತ್ತು. ಹೇಳ್ಲಿಲ್ಲ. ಅದು ತಪ್ಪು ಪುಟ್ಟ. ಅದಕ್ಕೆ ಕಾರಣ ಏನೂ ಇಲ್ಲ.’

‘ಹೌದು, ಹೇಳ್ಬೇಕಿತ್ತು’ ಎಂದ ಅವನು. ಪರವಾಗಿಲ್ಲ ಎನ್ನಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ‘ನಂಗೆ ಸಿಟ್ಟು ಬಂದಿದೆ ಕಣೇ. ಎಷ್ಟು ಬಂದಿದೆ ಅಂತ ಇನ್ನೂ ಗೊತ್ತಾಗ್ತಿಲ್ಲ.’ ‘ಬರ್ಲಿ’ ಎಂದಳು. ಅವನು ಕನ್ನಡಕವನ್ನು ಒರೆಸುತ್ತಲೇ ಇದ್ದ. ‘ಹದಿನೆಂಟು ವರ್ಷದಿಂದ ಮಕ್ಕಳಿಗೆ ಸುಳ್ಳು ಪಾಠ ಮಾಡಿದೀನಲ್ಲೇ’ ಎಂದವನ ತುಟಿ ನಗಲೋ ಅಳಲೋ ತಿಳಿಯದೆ ಅದುರಿತು. ‘ಪಾಠವೇನೋ ಸರೀನೇ, ತಗಡು ಹಿಗ್ಗುತ್ತೆ, ಕುಗ್ಗುತ್ತೆ. ಆದ್ರೆ ಒಂದು ಮಾತ್ರ ನಂಗೆ ಬಗೆಹರೀತಿರ್ಲಿಲ್ಲ ಅಕ್ಕ. ತಗಡು ತಾಳಕ್ಕೆ ಕುಗ್ಗಲ್ಲ. ಅದು ತಾಳಕ್ಕಿತ್ತು. ಪುಸ್ತಕ ಏನಾದ್ರೂ ಹೇಳ್ಲಿ, ಅಲ್ಲಿ ಯಾರೋ ಇದಾರೆ ಅಂತ ನನ್ನ ಮೈಗೆ ಗೊತ್ತಿತ್ತು. ಅದಕ್ಕೇ ದೀಪ ಆರಿಸೋಕಾಗ್ತಿರ್ಲಿಲ್ಲ. ಇದನ್ನ ಯಾರಿಗೂ ಹೇಳಿಲ್ಲ, ಮೇಷ್ಟ್ರಾಗಿ ಹೇಗೆ ಹೇಳೋದು.’ ಕಾರಿಡಾರಿನ ಕೊನೆಯಲ್ಲಿ ಯಾರೋ ಬಕೆಟ್ಟು ಇಟ್ಟು ನೆಲ ಒರೆಸತೊಡಗಿದ್ದರು. ಅವಳಿಗೆ ಅವನ ಭುಜ ಮುಟ್ಟಬೇಕೆನ್ನಿಸಿತು. ಯಾವ ಕೈಯಿಂದ ಮುಟ್ಟುವುದೆಂದು ತಿಳಿಯದೆ ಎರಡನ್ನೂ ಬ್ಯಾಗಿನ ಹಿಡಿಗೆ ಸುತ್ತಿಕೊಂಡು ನಿಂತಳು.

‘ಪೆಟ್ಟಿಗೆ ಇಲ್ಲೇ ಇದೆಯಾ?’ ಎಂದ.

ಅವಳ ಕೆಲಸದ ಕೋಣೆಗೆ ಕಿಟಕಿಯಿಲ್ಲ. ಗೋಡೆಯ ತುಂಬ ಮೆತ್ತೆ, ಮೂಲೆಯಲ್ಲಿ ನಲವತ್ತು ಜೊತೆ ಚಪ್ಪಲಿ, ಮರಳಿನ ತಟ್ಟೆ, ಮುರಿದ ಛತ್ರಿಗಳು, ಯಾವ ಮನೆಗೂ ಸೇರದ ಒಂದು ಬಾಗಿಲು. ನಡುವೆ ಪೆಟ್ಟಿಗೆ. ಗಾಜಿನಾಚೆ ರೆಕಾರ್ಡಿಸ್ಟಿನ ಕುರ್ಚಿಯಲ್ಲಿ ಕೂತ ಮಗು ಕೈಬೀಸಿತು. ತಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಗಾಜಿನಾಚೆಯ ಕೋಣೆಗೆ ಹೋಗಿ ಜೇಬಿನ ಟಾರ್ಚು ತೆಗೆದು ಮಗಳ ಕೈಗೆ ಕೊಟ್ಟು, ‘ಇದನ್ನ ಇಟ್ಕೊಂಡಿರು’ ಎಂದು, ಆ ಕೋಣೆಯ ದೀಪ ಆರಿಸಿ ಬಂದ. ಈ ಕೋಣೆಯ ಸ್ವಿಚ್ಚಿನ ಮೇಲೂ ಕೈ ಇಟ್ಟ. ‘ಪುಟ್ಟ, ಬೇಡ’ ಎಂದಳು ಅವಳು. ‘ನೀನು ಕೂತ್ಕೋ’ ಎಂದ. ದೀಪ ಆರಿತು. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಅವನು ತಡವಿಕೊಂಡು ಬಂದು ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತದ್ದು ಕೇಳಿಸಿತು. ಬಟ್ಟೆಯ ಸದ್ದು, ಮಂಡಿಯ ಚಟಪಟ, ಉಸಿರು. ಸದ್ದಿನಿಂದ ಮನುಷ್ಯರನ್ನು ಕಾಣುವುದು ಅವಳ ಕಸುಬು. ತಮ್ಮ ನಡುಗುತ್ತಿದ್ದಾನೆಂದು ಅವಳಿಗೆ ಸ್ಪಷ್ಟವಾಗಿ ಕಂಡಿತು.

‘ಮಾಡು.’

ಒತ್ತಿದಳು. ಡುಂ. ಬಿಟ್ಟಳು. ಡಕ್. ಅವನ ಉಸಿರು ನಿಂತು ಮತ್ತೆ ಹೊರಟಿತು. ಒತ್ತಿದಳು, ಬಿಟ್ಟಳು. ಬೇಗ ಬಿಟ್ಟಳು, ತಡವಾಗಿ ಒತ್ತಿದಳು. ಬಲಗೈ ಮಡಿಲಲ್ಲಿ ಮುಷ್ಟಿಯಾಗಿ ಕೂತಿತ್ತು. ಅದಕ್ಕಿನ್ನು ಅಧಿಕಾರವಿಲ್ಲ ಎಂದುಕೊಂಡಳು.

‘ತಾಳ ತಪ್ತಿದೆ’ ಎಂದ ಅವನು ಕತ್ತಲೆಯಲ್ಲಿ.

‘ಬರಲ್ಲ ಪುಟ್ಟ. ಒಂದೇ ಕೈಲಿ ಬರಲ್ಲ.’

ಇಸ್ತ್ರಿ ಅಂಗಿಯ ಸರಸರ. ಅವನು ಸರಿದು, ತಿರುಗಿ, ನಲವತ್ತೊಂದು ವರ್ಷದ ತನ್ನ ಅಗಲ ಬೆನ್ನನ್ನು ಅವಳ ಮಂಡಿಗೆ ತಾಗುವಂತೆ ಇಟ್ಟ. ‘ಸಿಟ್ಟು ಹೋಗಿಲ್ಲ’ ಎಂದ. ಮತ್ತೆ, ‘ತಟ್ಟು’ ಎಂದ.

ಅವಳು ತಟ್ಟಿದಳು. ಎರಡು ತಟ್ಟು, ಒಂದು ಒತ್ತು. ಅಳು ಬಂತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಅಂಗಿಯ ಕೆಳಗೆ ಬೆನ್ನು ಒದ್ದೆಯಾಗಿತ್ತು, ಬಿಗಿಯಾಗಿತ್ತು, ಸರಿದುಹೋಗಲಿಲ್ಲ.

ಮೇಲೆ ಸ್ಪೀಕರ್ ಕರಕರ ಎಂದಿತು. ಮಗುವಿಗೆ ಬಟನ್ ಸಿಕ್ಕಿತ್ತು. ‘ಅಪ್ಪಾ’ ಎಂದು ಕೋಣೆಯ ತುಂಬ ಅದರ ದನಿ ಕೇಳಿತು. ‘ನಿಂಗೆ ಭಯ ಆಗ್ತಿದೆಯಾ?’

‘ಆಗ್ತಿದೆ ಮರಿ.’

‘ಟಾರ್ಚ್ ಹಾಕ್ಲಾ?’

ಅವಳ ಎರಡೂ ಕೈಗಳು ನಡುವೆಯೇ ನಿಂತವು.

‘ಬೇಡ’ ಎಂದ. ‘ಅತ್ತೆ ಇದಾಳೆ.’